ಆರ್ಥರ್ ಸೆಸಿಲ್ ಆಲ್‌ಪೋರ್ಟ್

ಆರ್ಥರ್ ಸೆಸಿಲ್ ಆಲ್‌ಪೋರ್ಟ್ (25 ಜನವರಿ 1880 – 17 ಏಪ್ರಿಲ್ 1959) ದಕ್ಷಿಣ ಆಫ್ರಿಕಾ ಮೂಲದ ವೈದ್ಯರು ಹಾಗೂ ವೈದ್ಯಕೀಯ ಪ್ರಾಧ್ಯಾಪಕರು. ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗಿಬರುವ ಒಂದು ಬಗೆಯ ಮೂತ್ರಪಿಂಡ ರೋಗಕ್ಕೂ ಕಿವುಡುತನಕ್ಕೂ ಸಂಬಂಧವಿದೆಯೆಂದು 1927ರಲ್ಲಿ ತೋರಿಸಿಕೊಟ್ಟವರು ಇವರು. ಆ ರೋಗವು ಗಂಡಸರಲ್ಲಿ ಉಗ್ರವಾಗಿಯೂ ಹೆಂಗಸರಲ್ಲಿ ಸೌಮ್ಯವಾಗಿಯೂ ಸಾಗುತ್ತದೆ ಎಂಬುದನ್ನೂ ಇವರು ಗುರುತಿಸಿದರು. ಈ ರೋಗವು ಇಂದು ಆಲ್‌ಪೋರ್ಟ್ ಸಿಂಡ್ರೋಮ್ ಎಂದು ಪ್ರಸಿದ್ಧವಾಗಿದೆ. ಆನುವಂಶಿಕ ಮೂತ್ರಪಿಂಡ ರೋಗವೊಂದು ಯಾರಲ್ಲಿ ಎಷ್ಟು ಬೇಗ ಮುಂದುವರಿಯಬಹುದು ಎಂಬ ಪ್ರಶ್ನೆಗೆ ರಕ್ತಪರೀಕ್ಷೆ ಹಾಗೂ ವಂಶವಾಹಿ ಪರೀಕ್ಷೆಗಳ ಮೂಲಕ ಉತ್ತರ ಹುಡುಕುವ ಈಗಿನ ಪ್ರಯತ್ನಗಳಿಗೆ ಹಿನ್ನೆಲೆಯಾಗಿ ನಿಂತಿರುವ ಕೆಲಸಗಳಲ್ಲಿ ಇವರದೂ ಒಂದು. ಜೀವನದ ಉತ್ತರಾರ್ಧದಲ್ಲಿ ಇವರು ಈಜಿಪ್ಟಿನ ಆಸ್ಪತ್ರೆಗಳಲ್ಲಿ ಬಡರೋಗಿಗಳಿಗೆ ಆಗುತ್ತಿದ್ದ ಅನ್ಯಾಯದ ವಿರುದ್ಧ ಹೋರಾಡಿದರು.

ಜನನ ಮತ್ತು ವಿದ್ಯಾಭ್ಯಾಸ

ಆಲ್‌ಪೋರ್ಟ್ ಅವರು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಬೋಫರ್ಟ್ ವೆಸ್ಟ್ ಎಂಬ ಊರಿನಲ್ಲಿ 1880ರ ಜನವರಿ 25ರಂದು ಜನಿಸಿದರು. ಕರೂ ಎಂಬ ಒಣ ಪ್ರಸ್ಥಭೂಮಿಯಲ್ಲಿರುವ ಈ ಊರು, 1967ರಲ್ಲಿ ಪ್ರಪಂಚದಲ್ಲೇ ಮೊದಲ ಬಾರಿಗೆ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡ್ ಅವರ ಜನ್ಮಸ್ಥಳವೂ ಹೌದು. ವೈದ್ಯಕೀಯ ಶಿಕ್ಷಣಕ್ಕಾಗಿ ಆಲ್‌ಪೋರ್ಟ್ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ, 1905ರಲ್ಲಿ ಪದವಿ ಪಡೆದರು.

ಪದವಿಯ ಅನಂತರ ಸ್ವದೇಶಕ್ಕೆ ಹಿಂದಿರುಗಿ ಜೋಹಾನ್ಸ್‌ಬರ್ಗ್ ನಗರದಲ್ಲಿ ವೈದ್ಯವೃತ್ತಿ ಆರಂಭಿಸಿದರು. ಚಿನ್ನದ ಗಣಿಗಳಿಂದಲೇ ಬೆಳೆದ ನಗರ ಅದು. ಆಲ್‌ಪೋರ್ಟ್ ಅವರೂ ಚಿಕ್ಕದೊಂದು ಚಿನ್ನದ ಗಣಿಯನ್ನು ಹೊಂದಿದ್ದರು. ಆದರೆ ಅದರಿಂದ ಅವರಿಗೆ ಲಾಭವಾಗಲಿಲ್ಲ. ಇವರ ಮಗ ಕತ್‌ಬರ್ಟ್ ಆಲ್‌ಪೋರ್ಟ್ 1912ರಲ್ಲಿ ಇದೇ ನಗರದಲ್ಲಿ ಜನಿಸಿದರು. ಅವರು ಮುಂದೆ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ರಾಜಕಾರಣಿಯಾಗಿ, ಕಾಲ್ಚೆಸ್ಟರ್ ಕ್ಷೇತ್ರದ ಸಂಸತ್ ಸದಸ್ಯರಾಗಿ, ಅನಂತರ ಲಾರ್ಡ್ಸ್ ಸಭೆಯ ಸದಸ್ಯರಾಗಿ ಹೆಸರಾದರು.

ಮೊದಲ ಮಹಾಯುದ್ಧ

ಮೊದಲ ಮಹಾಯುದ್ಧದ ಕಾಲದಲ್ಲಿ ಆಲ್‌ಪೋರ್ಟ್ ಅವರು ಬ್ರಿಟಿಷ್ ಸೈನ್ಯದ ವೈದ್ಯಕೀಯ ದಳವನ್ನು ಸೇರಿ, ನೈರುತ್ಯ ಆಫ್ರಿಕಾ, ಮ್ಯಾಸಿಡೋನಿಯಾ ಮತ್ತು ಸಲೋನಿಕಾ ರಣರಂಗಗಳಲ್ಲಿ ಸೇವೆ ಸಲ್ಲಿಸಿದರು. ಮ್ಯಾಸಿಡೋನಿಯಾದ ಕಣಿವೆಗಳಲ್ಲಿ ಮಲೇರಿಯಾ ಹಾವಳಿ ವಿಪರೀತವಾಗಿತ್ತು. ಗುಂಡೇಟಿಗಿಂತಲೂ ಈ ಜ್ವರದಿಂದಲೇ ಹೆಚ್ಚಿನ ಸೈನಿಕರು ಆಸ್ಪತ್ರೆ ಸೇರುತ್ತಿದ್ದರು. ಈ ಅನುಭವದ ಆಧಾರದಿಂದ ಮಲೇರಿಯಾ ಚಿಕಿತ್ಸೆಯನ್ನು ಕುರಿತು ಅವರು ಬರೆದ ಪುಸ್ತಕವು 1919ರಲ್ಲಿ ಪ್ರಕಟವಾಯಿತು. ಯುದ್ಧ ಮುಗಿದ ಬಳಿಕ ಲಂಡನ್ನಿನಲ್ಲಿ ನೆಲೆಸಿ, ಮಾಜಿ ಸೈನಿಕರ ಪಿಂಚಣಿ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಸಚಿವಾಲಯದಲ್ಲಿ ಉಷ್ಣವಲಯದ ರೋಗಗಳ ತಜ್ಞರಾಗಿ ಕೆಲಸ ಮಾಡಿದರು.

ಸೇಂಟ್ ಮೇರೀಸ್ ಆಸ್ಪತ್ರೆ

1922ರಲ್ಲಿ ಆಲ್‌ಪೋರ್ಟ್ ಅವರು ಲಂಡನ್ನಿನ ಪ್ಯಾಡಿಂಗ್ಟನ್ ಪ್ರದೇಶದ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಘಟಕದಲ್ಲಿ ಸಹಾಯಕ ನಿರ್ದೇಶಕರಾಗಿ ನೇಮಕಗೊಂಡರು. ಪ್ರಾಧ್ಯಾಪಕ ಫ್ರೆಡರಿಕ್ ಲಾಂಗ್‌ಮೀಡ್ ಅವರು ಆ ಘಟಕದ ನಿರ್ದೇಶಕರಾಗಿದ್ದರು. ಲಸಿಕಾ ವಿಜ್ಞಾನಿ ಆಲ್ಮ್‌ರಾತ್ ರೈಟ್ ಮತ್ತು 1928ರಲ್ಲಿ ಪೆನಿಸಿಲಿನ್ ಪತ್ತೆಹಚ್ಚಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಇದೇ ಆಸ್ಪತ್ರೆಯಲ್ಲಿ ಆಲ್‌ಪೋರ್ಟ್ ಅವರ ಸಮಕಾಲೀನರಾಗಿದ್ದರು. ಮೂತ್ರಪಿಂಡಗಳ ಉರಿಯೂತ, ಅಂದರೆ ನೆಫ್ರೈಟಿಸ್, ಆಲ್‌ಪೋರ್ಟ್ ಅವರ ವಿಶೇಷ ಆಸಕ್ತಿಯ ವಿಷಯವಾಗಿತ್ತು. ಆ ವಿಷಯದ ಮೇಲೆ ಅವರು ಬರೆದ ಗ್ರಂಥವು 1929ರಲ್ಲಿ ಹೊರಬಂದಿತು.

1927ರ ಪ್ರಬಂಧ

ಆಲ್‌ಪೋರ್ಟ್ ಅವರ ಹೆಸರನ್ನು ಉಳಿಸಿದ್ದು 1927ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದ, ಕೇವಲ ಮೂರು ಪುಟಗಳ ಒಂದು ಪ್ರಬಂಧ. ಅದರಲ್ಲಿ ವರ್ಣಿತವಾದ ಕುಟುಂಬವು ವೈದ್ಯಲೋಕಕ್ಕೆ ಹೊಸದಾಗಿರಲಿಲ್ಲ. ಮೂತ್ರದಲ್ಲಿ ರಕ್ತ ಹೋಗುವ ತೊಂದರೆಯು ಈ ಕುಟುಂಬದಲ್ಲಿ ವಂಶಪಾರಂಪರ್ಯವಾಗಿ ಬಂದಿದೆಯೆಂದು ಲೆನಾರ್ಡ್ ಗುತ್ರಿ ಅವರು 1902ರಲ್ಲಿ ಬರೆದಿದ್ದರು. ಕೆಂಡಾಲ್ ಮತ್ತು ಹರ್ಟ್ಸ್ ಅವರು 1912ರಲ್ಲಿ ಅದೇ ಕುಟುಂಬವನ್ನು ಪುನಃ ಪರಿಶೀಲಿಸಿದರು. ಮುಂದೆ ತಮ್ಮ ಹೆಸರನ್ನು ಹರ್ಸ್ಟ್ ಎಂದು ಬದಲಾಯಿಸಿಕೊಂಡ ಇದೇ ಹರ್ಟ್ಸ್ ಅವರು 1923ರಲ್ಲಿ ಇನ್ನೊಂದು ವರದಿಯನ್ನು ಪ್ರಕಟಿಸಿದರು. ಹೀಗೆ ಆಲ್‌ಪೋರ್ಟ್ ಅವರ ಕೈಗೆ ಬಂದಾಗ ಆ ಕುಟುಂಬದ ಸುಮಾರು ಕಾಲು ಶತಮಾನದ ದಾಖಲೆ ಸಿದ್ಧವಾಗಿತ್ತು.

ಆಲ್‌ಪೋರ್ಟ್ ಅವರು ಕುಟುಂಬದ ಸದಸ್ಯರನ್ನು ತಾವೇ ಪರೀಕ್ಷಿಸಿ, ಹಿಂದಿನವರು ಗಮನಕ್ಕೆ ತಂದುಕೊಳ್ಳದಿದ್ದ ಎರಡು ಸಂಗತಿಗಳನ್ನು ಎತ್ತಿ ತೋರಿಸಿದರು. ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಿದ್ದ ಅನೇಕರಿಗೆ ಕಿವಿಯೂ ಮಂದವಾಗಿತ್ತು ಎಂಬುದು ಮೊದಲನೆಯದು. ಮೂತ್ರಪಿಂಡ ಮತ್ತು ಕಿವಿ ಒಂದಕ್ಕೊಂದು ಸಂಬಂಧವಿಲ್ಲದ ಅಂಗಗಳೆಂದು ತೋರಿದರೂ, ಎರಡೂ ತೊಂದರೆಗಳು ಒಂದೇ ರೋಗದ ಭಾಗಗಳೆಂದು ಅವರು ನಿರ್ಣಯಿಸಿದರು. ಗಂಡುಮಕ್ಕಳ ಮತ್ತು ಹೆಣ್ಣುಮಕ್ಕಳ ಗತಿಯಲ್ಲಿದ್ದ ಅಂತರವು ಎರಡನೆಯದು. ರೋಗ ತಗುಲಿದ ಗಂಡುಮಕ್ಕಳು ಹರೆಯದಲ್ಲಿಯೇ ಮೂತ್ರಪಿಂಡ ವೈಫಲ್ಯದಿಂದ ತೀರಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಾದರೋ ಮೂತ್ರದಲ್ಲಿ ರಕ್ತವಿದ್ದರೂ ಕಿವುಡುತನವಿದ್ದರೂ ಮುಪ್ಪಿನವರೆಗೆ ಬದುಕುತ್ತಿದ್ದರು.

ಅಂದು ಈ ರೋಗಕ್ಕೆ ಯಾವ ಚಿಕಿತ್ಸೆಯೂ ಇರಲಿಲ್ಲ. ವಿಲೆಮ್ ಕೋಲ್ಫ್ ಅವರು ನೆದರ್‌ಲೆಂಡ್ಸಿನಲ್ಲಿ ಕೃತಕ ಮೂತ್ರಪಿಂಡ ಯಂತ್ರವನ್ನು ಮೊದಲು ಬಳಸಿದ್ದು 1943ರಲ್ಲಿ. ಬಾಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಯಶಸ್ವಿಯಾದದ್ದು 1954ರಲ್ಲಿ. ಆದುದರಿಂದ ಆಲ್‌ಪೋರ್ಟ್ ಅವರು ಕುಟುಂಬಕ್ಕೆ ಕೊಡಬಹುದಾಗಿದ್ದುದು ಮುನ್ಸೂಚನೆಯೊಂದನ್ನೇ. ಆ ಮುನ್ಸೂಚನೆಗೆ ಅವರಿಗೆ ಒದಗಿದ ಸಾಧನಗಳು ಮೂರು: ವಂಶವೃಕ್ಷ, ಮೂತ್ರದ ಪರೀಕ್ಷೆ ಮತ್ತು ರೋಗಿಯ ಕಿವಿಯ ಸ್ಥಿತಿ.

ಈಜಿಪ್ಟಿನಲ್ಲಿ

1937ರಲ್ಲಿ ಆಲ್‌ಪೋರ್ಟ್ ಅವರು ಕೈರೋ ನಗರದ ಒಂದನೆಯ ಕಿಂಗ್ ಫುಆದ್ ವಿಶ್ವವಿದ್ಯಾಲಯದಲ್ಲಿ ಚಿಕಿತ್ಸಾ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಈ ವಿಶ್ವವಿದ್ಯಾಲಯಕ್ಕೆ ಸೇರಿದ ಕಸ್ರ್ ಅಲ್ ಐನಿ ಆಸ್ಪತ್ರೆಯು ಈಜಿಪ್ಟಿನ ಅತ್ಯಂತ ಹಳೆಯ ಮತ್ತು ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಒಂದು. ಅಲ್ಲಿಗೆ ಬರುತ್ತಿದ್ದವರಲ್ಲಿ ಬಹುಮಂದಿ ಫೆಲ್ಲಾಹೀನರು, ಅಂದರೆ ನೈಲ್ ಕಣಿವೆಯ ಬಡ ರೈತರು ಮತ್ತು ಕೃಷಿ ಕೂಲಿಕಾರರು. ಕಾಲುವೆಯ ನೀರಿನಲ್ಲಿ ನಿಂತು ದುಡಿಯುವ ಇವರಲ್ಲಿ ಮೂತ್ರಕೋಶ ಮತ್ತು ಮೂತ್ರನಾಳಗಳನ್ನು ಕೆಡಿಸುವ ಬಿಲ್ಹಾರ್ಜಿಯ ಎಂಬ ಹುಳುರೋಗ ವ್ಯಾಪಕವಾಗಿತ್ತು.

ಆಸ್ಪತ್ರೆಗಳಲ್ಲಿ ಬಡರೋಗಿಗಳ ಬಗೆಗಿದ್ದ ಉದಾಸೀನ ಮತ್ತು ಭ್ರಷ್ಟಾಚಾರವನ್ನು ಕಂಡು ಆಲ್‌ಪೋರ್ಟ್ ಅವರು ಸುಮ್ಮನಿರಲಿಲ್ಲ. ಸುಧಾರಣೆಗಾಗಿ ಅಧಿಕಾರಸ್ಥರೆಲ್ಲರಿಗೂ ಮೊರೆಯಿಟ್ಟರು. ಇದರಿಂದ ಅವರಿಗೆ ವಿರೋಧಿಗಳು ಹೆಚ್ಚಾದರೇ ಹೊರತು ವ್ಯವಸ್ಥೆ ಬದಲಾಗಲಿಲ್ಲ. 1940ರ ದಶಕದ ಪೂರ್ವಾರ್ಧದಲ್ಲಿ ಅವರು ಹುದ್ದೆಯನ್ನು ತೊರೆದು ಲಂಡನ್ನಿಗೆ ಹಿಂದಿರುಗಿದರು. ಈಜಿಪ್ಟಿನ ಆಸ್ಪತ್ರೆಗಳ ಸ್ಥಿತಿಯನ್ನೂ ಅಲ್ಲಿನ ರೈತಾಪಿ ಜನರ ಹಕ್ಕುಗಳನ್ನೂ ಕುರಿತು ಅವರು ಬರೆದ ‘ಒನ್ ಅವರ್ ಆಫ್ ಜಸ್ಟಿಸ್’ ಎಂಬ ಪುಸ್ತಕವು 1946ರಲ್ಲಿ ಪ್ರಕಟವಾಯಿತು. ಈ ಹೋರಾಟದಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ತಮ್ಮ ಬೆಂಬಲಕ್ಕೆ ಬರಲಿಲ್ಲವೆಂದು, ಆ ಸಂಸ್ಥೆಯಿಂದ ತಮಗೆ ದೊರೆತಿದ್ದ ಫೆಲೋಷಿಪ್ ಗೌರವವನ್ನು ಅವರು ತ್ಯಜಿಸಿದರು.

ಮರಣ

ಆಲ್‌ಪೋರ್ಟ್ ಅವರು ತಮ್ಮ 79ನೆಯ ವಯಸ್ಸಿನಲ್ಲಿ, 1959ರ ಏಪ್ರಿಲ್ 17ರಂದು ಲಂಡನ್ನಿನಲ್ಲಿ ನಿಧನರಾದರು. ರೋಗಕ್ಕೆ ಇವರ ಹೆಸರು ಬಂದದ್ದು ಇದಾದ ಎರಡು ವರ್ಷಗಳ ಬಳಿಕ. 1961ರಲ್ಲಿ ವಿಲಿಯಮ್ಸನ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯ ಲೇಖನವೊಂದರಲ್ಲಿ ಆಲ್‌ಪೋರ್ಟ್ ಸಿಂಡ್ರೋಮ್ ಎಂಬ ಹೆಸರನ್ನು ಬಳಸಿದರು. ಅದೇ ಹೆಸರು ಬಳಕೆಯಲ್ಲಿ ನಿಂತಿತು.

ರೋಗದ ಕಾರಣ

ಆಲ್‌ಪೋರ್ಟ್ ಅವರು ಗಮನಿಸಿದ ಎರಡೂ ಸಂಗತಿಗಳಿಗೆ ವಿವರಣೆ ದೊರೆಯಲು ಆರು ದಶಕಗಳಿಗೂ ಹೆಚ್ಚಿನ ಕಾಲ ಬೇಕಾಯಿತು. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಲಕ್ಷಾಂತರ ಸೂಕ್ಷ್ಮ ಗುಚ್ಛಗಳಿವೆ. ಈ ಗುಚ್ಛಗಳ ತೆಳುವಾದ ಸೋಸುಪೊರೆಯು ನಾಲ್ಕನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನಿನಿಂದ ರಚಿತವಾಗಿದೆ. ಅದೇ ಪ್ರೋಟೀನು ಒಳಕಿವಿಯಲ್ಲಿಯೂ ಕಣ್ಣಿನ ಮಸೂರದ ಹೊದಿಕೆಯಲ್ಲಿಯೂ ಇದೆ. ಆದುದರಿಂದ ಅದರಲ್ಲಿ ದೋಷವಿದ್ದರೆ ಮೂತ್ರಪಿಂಡದ ಜೊತೆಗೆ ಕಿವಿಯೂ, ಕೆಲವರಲ್ಲಿ ಕಣ್ಣೂ ತೊಂದರೆಗೊಳಗಾಗುತ್ತವೆ. 1970ರ ದಶಕದ ಆರಂಭದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ಪೊರೆಯು ಅಲ್ಲಲ್ಲಿ ದಪ್ಪವಾಗಿ, ಪದರಪದರವಾಗಿ ಸೀಳಿರುವುದು ಕಂಡುಬಂದಿತು.

ದೋಷಕ್ಕೆ ಕಾರಣವಾದ ವಂಶವಾಹಿಗಳಲ್ಲಿ ಒಂದು ಎಕ್ಸ್ ವರ್ಣತಂತುವಿನ ಮೇಲಿರುವುದು 1990ರಲ್ಲಿ ಪತ್ತೆಯಾಯಿತು. ಗಂಡಸರಲ್ಲಿ ಎಕ್ಸ್ ವರ್ಣತಂತು ಒಂದೇ ಇರುವುದರಿಂದ ದೋಷವನ್ನು ಸರಿದೂಗಿಸುವ ಇನ್ನೊಂದು ಪ್ರತಿ ಅವರಲ್ಲಿರುವುದಿಲ್ಲ. ಹೆಂಗಸರಲ್ಲಿ ಎರಡಿರುವುದರಿಂದ ರೋಗವು ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ. ದೋಷವುಳ್ಳ ತಂದೆಯಿಂದ ಅದು ಹೆಣ್ಣುಮಕ್ಕಳೆಲ್ಲರಿಗೂ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ. ತಾಯಿಯಿಂದಾದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಬೇರೆ ವರ್ಣತಂತುವಿನ ಮೇಲಿರುವ ಇನ್ನೆರಡು ವಂಶವಾಹಿಗಳ ದೋಷದಿಂದಲೂ ಇದೇ ರೋಗ ಉಂಟಾಗುತ್ತದೆ ಎಂಬುದು 1994ರಲ್ಲಿ ಖಚಿತವಾಯಿತು. ಅಂಥ ದೋಷವು ತಂದೆ ತಾಯಿ ಇಬ್ಬರಿಂದಲೂ ಬಂದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ರೋಗವು ಉಗ್ರವಾಗಿರುತ್ತದೆ.

ಹೆಂಗಸರಲ್ಲಿ ರೋಗವು ಅಪಾಯಕಾರಿಯಲ್ಲವೆಂಬ ಹಳೆಯ ಭಾವನೆಯನ್ನು ಮುಂದಿನ ಅಧ್ಯಯನಗಳು ತಿದ್ದಿವೆ. ಎಕ್ಸ್ ವರ್ಣತಂತುವಿನ ಬಗೆಯಲ್ಲಿ ಚಿಕಿತ್ಸೆ ಪಡೆಯದ ಗಂಡಸರ ಪೈಕಿ ಸುಮಾರು 90 ಶೇಕಡಾ ಮಂದಿಗೆ 40 ವರ್ಷದೊಳಗೆ ಮೂತ್ರಪಿಂಡ ವೈಫಲ್ಯ ಉಂಟಾಗುತ್ತದೆ. ಹೆಂಗಸರಲ್ಲಿ ಇದರ ಪ್ರಮಾಣ 40 ವರ್ಷದೊಳಗೆ ಸುಮಾರು 12 ಶೇಕಡಾ. ವಯಸ್ಸಾದಂತೆ ಅದು ಇನ್ನೂ ಹೆಚ್ಚುತ್ತದೆ.

ರೋಗದ ಗತಿಯ ಮುನ್ಸೂಚನೆ ಮತ್ತು ರಕ್ತಸೂಚಕಗಳು

ಆಲ್‌ಪೋರ್ಟ್ ಅವರು ವಂಶವೃಕ್ಷದಿಂದ ಊಹಿಸಿದ ರೋಗಗತಿಯನ್ನು ಈಗ ಪ್ರಯೋಗಾಲಯದ ಅಳತೆಗಳಿಂದ ಇನ್ನಷ್ಟು ನಿಖರವಾಗಿ ಅರಿಯಲು ಸಾಧ್ಯವಾಗಿದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣ. ಸ್ನಾಯುಗಳಲ್ಲಿ ನಿತ್ಯವೂ ಉತ್ಪತ್ತಿಯಾಗುವ ಈ ತ್ಯಾಜ್ಯವನ್ನು ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ. ಸೋಸುವ ಶಕ್ತಿ ಕುಗ್ಗಿದಂತೆ ಅದು ರಕ್ತದಲ್ಲಿ ಉಳಿದು ಹೆಚ್ಚುತ್ತದೆ. ಅದನ್ನು ಬಣ್ಣದ ಬದಲಾವಣೆಯಿಂದ ಗುರುತಿಸುವ ರಾಸಾಯನಿಕ ಕ್ರಿಯೆಯನ್ನು ಮ್ಯಾಕ್ಸ್ ಯಾಫೆ ಅವರು 1886ರಲ್ಲಿಯೇ ವಿವರಿಸಿದ್ದರು. ವಯಸ್ಕರಲ್ಲಿ ಕ್ರಿಯಾಟಿನಿನ್ ಸಾಮಾನ್ಯವಾಗಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 0.6ರಿಂದ 1.2 ಮಿಲಿಗ್ರಾಂ ಇರುತ್ತದೆ.

ಈ ಸೂಚಕಕ್ಕೆ ಎರಡು ಮಿತಿಗಳಿವೆ. ಸೋಸುವ ಶಕ್ತಿಯು ಅರ್ಧದಷ್ಟು ಕುಂದುವವರೆಗೂ ಕ್ರಿಯಾಟಿನಿನ್ ಸಾಮಾನ್ಯ ಮಟ್ಟದಲ್ಲಿಯೇ ಇರಬಹುದು. ಮಕ್ಕಳು, ಕೃಶಕಾಯರು, ಪೋಷಣೆ ಸಾಲದವರು ಇವರಲ್ಲಿ ಸ್ನಾಯುವಿನ ಪ್ರಮಾಣ ಕಡಿಮೆಯಿರುವುದರಿಂದ ಅಳತೆಯು ಇನ್ನೂ ಕಡಿಮೆ ತೋರಿ ತಪ್ಪುಗ್ರಹಿಕೆಗೆ ಎಡೆಮಾಡಬಹುದು. ದೇಹದ ಜೀವಕೋಶಗಳೆಲ್ಲವೂ ಉತ್ಪಾದಿಸುವ, ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ ಅಳತೆಯು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುತ್ತದೆ. ಒಂದೇ ಬಾರಿಯ ಅಂಕಿಗಿಂತ, ವರ್ಷದಿಂದ ವರ್ಷಕ್ಕೆ ಅಂಕಿಗಳು ಬದಲಾಗುವ ವೇಗವೇ ರೋಗದ ಮುಂದಿನ ದಾರಿಯನ್ನು ಹೆಚ್ಚು ಸ್ಪಷ್ಟವಾಗಿ ಸೂಚಿಸುತ್ತದೆ.

ಆಲ್‌ಪೋರ್ಟ್ ಸಿಂಡ್ರೋಮ್‌ನಲ್ಲಿ ರಕ್ತಕ್ಕಿಂತ ಮೊದಲು ಮೂತ್ರವೇ ಸೂಚನೆ ನೀಡುತ್ತದೆ. ಬಾಲ್ಯದಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ರಕ್ತಕಣಗಳು, ಬಳಿಕ ಅಲ್ಬುಮಿನ್ ಪ್ರೋಟೀನಿನ ಸೋರಿಕೆ, ಕೊನೆಗೆ ಕ್ರಿಯಾಟಿನಿನ್ ಏರಿಕೆ ಎಂಬುದು ಸಾಮಾನ್ಯ ಕ್ರಮ. ರಕ್ತದ ಮಾದರಿಯಿಂದ ನಡೆಸುವ ವಂಶವಾಹಿ ಪರೀಕ್ಷೆಯು ಇವೆಲ್ಲಕ್ಕಿಂತ ಮೊದಲೇ ರೋಗದ ಗತಿಯನ್ನು ಅಂದಾಜು ಮಾಡಲು ನೆರವಾಗುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಪ್ರೋಟೀನಿನ ರಚನೆಯು ನಡುವೆಯೇ ತುಂಡಾಗುವಂಥ ದೋಷವಿರುವ ಗಂಡಸರಲ್ಲಿ ಮೂತ್ರಪಿಂಡಗಳು ಸರಾಸರಿ 25ನೆಯ ವಯಸ್ಸಿಗೆ ವಿಫಲವಾದರೆ, ಒಂದು ಅಮೈನೋ ಆಮ್ಲ ಮಾತ್ರ ಬದಲಾಗುವಂಥ ದೋಷವಿರುವವರಲ್ಲಿ ಅದು ಸರಾಸರಿ 37ನೆಯ ವಯಸ್ಸಿಗೆ ಸಂಭವಿಸುತ್ತದೆ.

1927ರಲ್ಲಿ ಮುನ್ಸೂಚನೆಯಿಂದ ರೋಗಿಗೆ ಪ್ರಯೋಜನವಿರಲಿಲ್ಲ, ಈಗ ಇದೆ. ರಕ್ತದೊತ್ತಡಕ್ಕೆ ಬಳಸುವ ರಾಮಿಪ್ರಿಲ್ ವರ್ಗದ ಮಾತ್ರೆಗಳನ್ನು ಪ್ರೋಟೀನ್ ಸೋರಿಕೆಯ ಹಂತದಲ್ಲಿ, ಸಾಧ್ಯವಾದರೆ ಅದಕ್ಕೂ ಮೊದಲೇ, ಆರಂಭಿಸಿದಲ್ಲಿ ಮೂತ್ರಪಿಂಡ ವೈಫಲ್ಯವನ್ನು ಹಲವು ವರ್ಷಗಳ ಕಾಲ ಮುಂದೂಡಬಹುದೆಂದು ಯುರೋಪಿನ ರೋಗಿಗಳ ದಾಖಲೆಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚಿಕಿತ್ಸೆ ಆರಂಭವಾಗುವ ವೇಳೆಗೆ ಕ್ರಿಯಾಟಿನಿನ್ ಏರಿದ್ದರೆ ದೊರೆಯುವ ಕಾಲಾವಕಾಶವು ಕಡಿಮೆಯಾಗುತ್ತದೆ.

ಕರ್ನಾಟಕದಲ್ಲಿ ಪ್ರಸ್ತುತತೆ

ಆಲ್‌ಪೋರ್ಟ್ ಅವರ ಕೆಲಸವು ಕನ್ನಡನಾಡಿನ ಕುಟುಂಬಗಳಿಗೂ ಸಂಬಂಧಿಸಿದ್ದಾಗಿದೆ. ದಕ್ಷಿಣ ಭಾರತದ ಅನೇಕ ಸಮುದಾಯಗಳಂತೆ ಕರ್ನಾಟಕದಲ್ಲಿಯೂ ಸೋದರಮಾವನೊಡನೆ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆಯಾಗುವ ಪದ್ಧತಿಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಮದುವೆಗಳಲ್ಲಿ ಸುಮಾರು ಕಾಲು ಭಾಗ ರಕ್ತಸಂಬಂಧಿಗಳ ನಡುವೆ ನಡೆದವು. ಒಂದೇ ದೋಷವು ತಂದೆ ತಾಯಿ ಇಬ್ಬರಲ್ಲಿಯೂ ಇರುವ ಸಂಭವ ಇಂಥ ಮದುವೆಗಳಲ್ಲಿ ಹೆಚ್ಚು. ಆದುದರಿಂದ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಉಗ್ರವಾಗುವ ಬಗೆಯ ಆಲ್‌ಪೋರ್ಟ್ ಸಿಂಡ್ರೋಮ್ ಹಾಗೂ ಇತರ ಆನುವಂಶಿಕ ಮೂತ್ರಪಿಂಡ ರೋಗಗಳು ಮಕ್ಕಳಿಗೆ ತಗುಲುವ ಸಾಧ್ಯತೆಯೂ ಹೆಚ್ಚುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಂಥ ಒಣಪ್ರದೇಶಗಳಲ್ಲಿ ರೋಗವನ್ನು ಬೇಗ ಗುರುತಿಸುವುದಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಪಾವಗಡ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ದೇಹ ಸೇರಿದ ಫ್ಲೋರೈಡ್ ಮುಖ್ಯವಾಗಿ ಹೊರಹೋಗುವುದು ಮೂತ್ರಪಿಂಡಗಳ ಮೂಲಕವೇ. ಅವುಗಳ ಶಕ್ತಿ ಕುಂದಿದವರಲ್ಲಿ ಅದು ಮೂಳೆಗಳಲ್ಲಿ ಹೆಚ್ಚಾಗಿ ಸಂಗ್ರಹವಾಗುತ್ತದೆ. ರಾಜ್ಯದಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಘಟಕಗಳು ಆರಂಭವಾಗಿವೆಯಾದರೂ, ತಜ್ಞರ ಸಲಹೆ ಮತ್ತು ಕಸಿ ಚಿಕಿತ್ಸೆಗೆ ಇಲ್ಲಿನವರು ಬಹುಮಟ್ಟಿಗೆ ಬೆಂಗಳೂರನ್ನೇ ಅವಲಂಬಿಸಬೇಕು. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ ಕೂಲಿಕಾರನ ಮನೆಗೆ ಅಷ್ಟೂ ದಿನಗಳ ದುಡಿಮೆ ನಷ್ಟವಾಗುತ್ತದೆ. ಮೂತ್ರದ ಪಟ್ಟಿ ಪರೀಕ್ಷೆ, ಕ್ರಿಯಾಟಿನಿನ್ ಅಳತೆ ಮತ್ತು ಕಡಿಮೆ ಬೆಲೆಯ ಮಾತ್ರೆಗಳಿಂದ ಆ ಸ್ಥಿತಿಯನ್ನು ಕೆಲವು ವರ್ಷ ಮುಂದೂಡುವುದೂ ಇಂಥ ಮನೆಗಳಿಗೆ ದೊಡ್ಡ ಲಾಭವೇ.

ಮೂತ್ರಪಿಂಡ ದಾನದ ವಿಷಯದಲ್ಲಿಯೂ ವಂಶವೃಕ್ಷ ಮುಖ್ಯವಾಗುತ್ತದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯು ಹತ್ತಿರದ ಸಂಬಂಧಿಗಳಿಗೆ ದಾನದ ಅವಕಾಶ ನೀಡುತ್ತದೆ; ಮಗನಿಗೆ ಮೂತ್ರಪಿಂಡ ಕೊಡಲು ಮೊದಲು ಮುಂದೆ ಬರುವವರು ಅನೇಕ ಮನೆಗಳಲ್ಲಿ ತಾಯಂದಿರು. ಎಕ್ಸ್ ವರ್ಣತಂತುವಿನ ಆಲ್‌ಪೋರ್ಟ್ ಸಿಂಡ್ರೋಮ್‌ನಲ್ಲಿ ಮಗನಿಗೆ ದೋಷವು ಬಂದಿರುವುದು ಬಹುತೇಕ ತಾಯಿಯಿಂದಲೇ. ಕ್ರಿಯಾಟಿನಿನ್ ಸಾಮಾನ್ಯವಾಗಿದ್ದರೂ ಒಂದು ಮೂತ್ರಪಿಂಡವನ್ನು ಕೊಟ್ಟ ಮೇಲೆ ಅಂಥ ತಾಯಿಯ ಆರೋಗ್ಯವು ಅಪಾಯಕ್ಕೆ ಸಿಲುಕಬಹುದು. ಹೀಗಾಗಿ ದಾನಕ್ಕೆ ಮುನ್ನ ತಾಯಿ ಹಾಗೂ ಸೋದರಿಯರ ಮೂತ್ರ, ಶ್ರವಣಶಕ್ತಿ ಮತ್ತು ವಂಶವಾಹಿ ಪರೀಕ್ಷೆ ನಡೆಸುವುದು ಅಗತ್ಯವೆಂದು ತಜ್ಞರು ಪರಿಗಣಿಸುತ್ತಾರೆ.

ಸ್ಥಾನ

ಆನುವಂಶಿಕ ಮೂತ್ರಪಿಂಡ ರೋಗಗಳ ಪೈಕಿ ಕುಟುಂಬದಲ್ಲಿ ಹೆಚ್ಚಾಗಿ ಕಂಡುಬರುವುದು ನೀರುಗುಳ್ಳೆಗಳ ರೋಗವಾದರೂ, ವಂಶವೃಕ್ಷ, ಶ್ರವಣ ಪರೀಕ್ಷೆ, ಮೂತ್ರ ಮತ್ತು ರಕ್ತದ ಅಳತೆಗಳನ್ನು ಒಟ್ಟಿಗೆ ಇಟ್ಟು ಓದಬೇಕಾದ ರೋಗಕ್ಕೆ ಆಲ್‌ಪೋರ್ಟ್ ಸಿಂಡ್ರೋಮ್ ಪ್ರಮುಖ ಉದಾಹರಣೆಯಾಗಿದೆ. ಮೂತ್ರದಲ್ಲಿ ರಕ್ತ ಕಾಣಿಸಿಕೊಂಡ ಮಗುವನ್ನು ಪರೀಕ್ಷಿಸುವ ವೈದ್ಯರು ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಕಿವಿ ಕೇಳಿಸದಂತಾಗಿದೆಯೇ, ಯಾರಾದರೂ ಡಯಾಲಿಸಿಸ್ ಪಡೆಯುತ್ತಿದ್ದಾರೆಯೇ ಎಂದು ವಿಚಾರಿಸುವ ಪದ್ಧತಿಯು ಆಲ್‌ಪೋರ್ಟ್ ಅವರ 1927ರ ಪ್ರಬಂಧದ ಕೊಡುಗೆಯಾಗಿ ವೈದ್ಯಕೀಯ ಶಿಕ್ಷಣದಲ್ಲಿ ಮುಂದುವರಿದಿದೆ.